ಸಣ್ಣ ವ್ಯಾಪಾರಕ್ಕೆ ಎಂಥ ಬ್ರಾಡ್‌ಬ್ಯಾಂಡ್ ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗಡಿ, ಕ್ಲಿನಿಕ್, ಡಿಸೈನ್ ಸ್ಟುಡಿಯೊ, ನಾಲ್ಕೈದು ಜನರ ಅಕೌಂಟ್ಸ್ ಆಫೀಸು. ಇಂಥ ಕಡೆ ಹೊಸ ಲೈನ್ ಹಾಕಿಸುವಾಗ ಏಳುವ ಪ್ರಶ್ನೆಗಳು ಇವು. ಎಲ್ಲರೂ ಮೊದಲು ಕೇಳುವುದು ಸ್ಪೀಡ್ ಎಷ್ಟು ಅಂತ. ಆದರೆ ದಿನನಿತ್ಯದ ಕೆಲಸ ನಿಂತಿರುವುದು ಇನ್ನೆರಡು ವಿಷಯಗಳ ಮೇಲೆ: ಅಪ್‌ಲೋಡ್ ಎಷ್ಟು ಸಿಗುತ್ತದೆ, ನೆಟ್ ಹೋದರೆ ಎಷ್ಟು ಹೊತ್ತಿಗೆ ಸರಿಮಾಡಿ ಕೊಡುತ್ತಾರೆ. ಅದಕ್ಕೇ ಇಲ್ಲಿ ಅವೆರಡಕ್ಕೆ ಜಾಗ ಜಾಸ್ತಿ ಕೊಟ್ಟಿದ್ದೇನೆ.

ನಮ್ಮ ಆಫೀಸಿಗೆ ಎಷ್ಟು ಸ್ಪೀಡ್ ಬೇಕು?

ಜನ ಎಷ್ಟು ಅಂತ ಎಣಿಸಬೇಡಿ. ಒಂದೇ ಹೊತ್ತಿಗೆ ನಡೆಯುವ ಕೆಲಸಗಳನ್ನು ಎಣಿಸಿ. ಹತ್ತು ಜನ ಮೇಲ್ ನೋಡಿಕೊಂಡು, ಬಿಲ್ ಹಾಕಿಕೊಂಡು ಕೂತಿದ್ದರೆ 20 ಎಂಬಿಪಿಎಸ್‌ನಲ್ಲೇ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅನ್ನುವ ಸ್ಪೀಡಿನ ಅಳತೆ) ಆರಾಮಾಗಿ ನಡೆಯುತ್ತದೆ. ಇಬ್ಬರೇ ಇದ್ದು, ದಿನವಿಡೀ ದೊಡ್ಡ ದೊಡ್ಡ ವಿಡಿಯೊ ಫೈಲ್ ಕಳಿಸುತ್ತಿದ್ದರೆ 100 ಕೂಡ ಸಾಲದೆ ಹೋಗಬಹುದು.

ಅಂದಾಜಿಗೆ ಹೀಗೆ ಇಟ್ಟುಕೊಳ್ಳಿ. ಕಾರ್ಡ್ ಮೆಷಿನ್ ಒಂದು ಸಲಕ್ಕೆ ಬಳಸುವುದು ಕೆಲವೇ ಕೆಬಿ, ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. ಇಂಟರ್‌ನೆಟ್ ಮೇಲೆ ಹೋಗುವ ಒಂದು ಫೋನ್ ಕರೆಗೆ ಎರಡೂ ಕಡೆ ತಲಾ 0.1 ಎಂಬಿಪಿಎಸ್ ಸಾಕು. ಎಚ್‌ಡಿ ವಿಡಿಯೊ ಮೀಟಿಂಗಿಗೆ ಅಪ್‌ಲೋಡ್ 2ರಿಂದ 4, ಡೌನ್‌ಲೋಡ್ 2ರಿಂದ 4. ಕ್ಲೌಡಿಗೆ ರೆಕಾರ್ಡ್ ಕಳಿಸುವ ಒಂದು 1080ಪಿ ಸಿಸಿಟಿವಿ ಕ್ಯಾಮೆರಾಗೆ 2ರಿಂದ 4, ಅದೂ ಪೂರ್ತಿ ಅಪ್‌ಲೋಡ್, ಹಗಲೂ ರಾತ್ರಿ.

ಈಗ ಆರು ಜನರ ಒಂದು ಆಫೀಸು ತೆಗೆದುಕೊಳ್ಳಿ. ಮೂವರು ಒಟ್ಟಿಗೆ ವಿಡಿಯೊ ಮೀಟಿಂಗಿನಲ್ಲಿದ್ದಾರೆ. ತಲಾ 3ರಂತೆ 9. ಎರಡು ಕ್ಯಾಮೆರಾ, ತಲಾ 3ರಂತೆ 6. ಅಲ್ಲಿಗೆ ಬರೀ ಅಪ್‌ಲೋಡೇ 15 ಎಂಬಿಪಿಎಸ್ ಆಯಿತು. ಮಿಕ್ಕವರ ಕೆಲಸಕ್ಕೆ ಉಸಿರಾಡಲು ಜಾಗ ಬೇಕಲ್ವಾ, ಇದರ ಎರಡರಷ್ಟು ಇಟ್ಟುಕೊಂಡರೆ 30. ಇಂಥ ಆಫೀಸಿನಲ್ಲಿ 50 ಡೌನ್‌ಲೋಡ್, 50 ಅಪ್‌ಲೋಡ್ ಇರುವ ಪ್ಲಾನ್ ತಕರಾರಿಲ್ಲದೆ ಓಡುತ್ತದೆ. 200 ಡೌನ್‌ಲೋಡ್, 10 ಅಪ್‌ಲೋಡ್ ಇರುವ ಪ್ಲಾನ್ ಬೆಳಗ್ಗೆ ಹತ್ತು ಗಂಟೆಗೇ ಕೈಕೊಡುತ್ತದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಮಾತ್ರ ಆ 200.

100 ಎಂಬಿಪಿಎಸ್ ಪ್ಲಾನ್ ತೊಗೊಂಡಿದ್ದೇವೆ, ಫೈಲ್ ಇಳಿಯೋದು ಸೆಕೆಂಡಿಗೆ 12 ಎಂಬಿ ಮಾತ್ರ. ಮೋಸ ಮಾಡ್ತಿದ್ದಾರಾ?

ಇಲ್ಲ. ಲೈನಿನ ಸ್ಪೀಡನ್ನು ಬಿಟ್‌ನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. 100ನ್ನು 8ರಿಂದ ಭಾಗಿಸಿದರೆ 12.5. ನಿಮಗೆ ಸಿಗುತ್ತಿರುವುದು ಸರಿಯಾಗೇ ಇದೆ.

ಅಪ್‌ಲೋಡ್ ಬಗ್ಗೆ ಇಷ್ಟು ಒತ್ತಿ ಹೇಳೋದು ಯಾಕೆ? ನಾವು ಹೆಚ್ಚು ಏನೂ ಕಳಿಸಲ್ಲ.

ಹಾಗಂತ ಅನ್ನಿಸುತ್ತದೆ ಅಷ್ಟೆ. ಬಿಲ್ಲಿಂಗ್ ಸಾಫ್ಟ್‌ವೇರ್ ಈಗ ಕ್ಲೌಡಿನಲ್ಲಿದೆ. ಡೆಸ್ಕ್‌ಟಾಪಿನ ಫೋಲ್ಡರ್ ತಾನಾಗಿಯೇ ಸಿಂಕ್ ಆಗುತ್ತಿದೆ. ಸಿಬ್ಬಂದಿಯ ಫೋನುಗಳು ಆಫೀಸಿನ ವೈಫೈ ಸಿಕ್ಕ ಕೂಡಲೇ ಫೋಟೊ ಬ್ಯಾಕಪ್ ಶುರು ಮಾಡುತ್ತವೆ. ಯಾರೂ ಬಟನ್ ಒತ್ತಿಲ್ಲ, ಆದರೂ ಡೇಟಾ ಹೊರಗೆ ಹೋಗುತ್ತಲೇ ಇದೆ.

ಒಂದು ಲೆಕ್ಕ ನೋಡಿ. ಹೊಸ ಬ್ಯಾಕಪ್ ವ್ಯವಸ್ಥೆ ಹಾಕಿದ್ದೀರಿ, ಮೊದಲ ಸಲ 100 ಜಿಬಿ ಮೇಲೆ ಹೋಗಬೇಕು. 10 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಅದಕ್ಕೆ ಹೆಚ್ಚುಕಡಿಮೆ 22 ಗಂಟೆ ಬೇಕು. 100 ಎಂಬಿಪಿಎಸ್ ಇದ್ದರೆ ಎರಡೂಕಾಲು ಗಂಟೆ. ಮೊದಲಿನದು ಒಂದು ರಾತ್ರಿಯಲ್ಲಿ ಮುಗಿಯಲ್ಲ, ಮಾರನೇ ದಿನದ ಕೆಲಸದ ಹೊತ್ತಿಗೆ ಬಂದು ಕೂರುತ್ತದೆ.

ಆಮೇಲೆ ಆಗುವುದೇ ನಿಜವಾದ ತೊಂದರೆ. ಅಪ್‌ಲೋಡ್ ತುಂಬಿದರೆ ಡೌನ್‌ಲೋಡ್ ಕೂಡ ತೆವಳುತ್ತದೆ. ನೀವು ಏನನ್ನೇ ಇಳಿಸಿಕೊಂಡರೂ, ಬಂದದ್ದು ತಲುಪಿತು ಅಂತ ನಿಮ್ಮ ಕಂಪ್ಯೂಟರ್ ವಾಪಸ್ ಹೇಳುತ್ತಾ ಇರಬೇಕು. ಆ ಚಿಕ್ಕ ಚಿಕ್ಕ ಸಂದೇಶಗಳು ರೂಟರಿನಲ್ಲಿ ಬ್ಯಾಕಪ್ ಫೈಲುಗಳ ಹಿಂದೆ ಸಾಲಿನಲ್ಲಿ ನಿಂತುಬಿಡುತ್ತವೆ. ಪೇಜ್ ತೆರೆಯಲ್ಲ, ಮೀಟಿಂಗಿನಲ್ಲಿ ದನಿ ತುಂಡು ತುಂಡಾಗುತ್ತದೆ, ಎಲ್ಲರೂ ಕಂಪನಿಗೆ ಬೈಯುತ್ತಾರೆ. ಪ್ಲಾನ್ ಬದಲಿಸುವ ಮೊದಲು ಎರಡು ಕೆಲಸ ಮಾಡಿ. ಬ್ಯಾಕಪ್ಪನ್ನು ರಾತ್ರಿಗೆ ಹಾಕಿ, ಅಥವಾ ಅದರ ಸೆಟ್ಟಿಂಗಿನಲ್ಲೇ ಸ್ಪೀಡಿಗೆ ಮಿತಿ ಇಡಿ. ರೂಟರಿನಲ್ಲಿ ಕ್ಯೂಒಎಸ್ ಅನ್ನುವ ಸೆಟ್ಟಿಂಗ್ ಇದ್ದರೆ ಅದರಲ್ಲಿ ಫೋನ್ ಕರೆ, ಮೀಟಿಂಗುಗಳಿಗೆ ಮೊದಲ ಸರದಿ ಕೊಡಿ. ಎಷ್ಟೋ ಕಡೆ ಇಷ್ಟಕ್ಕೇ ಸರಿಹೋಗುತ್ತದೆ.

ಫೈಬರ್, ಕೇಬಲ್, ಡಿಎಸ್‌ಎಲ್, 5ಜಿ, ಸ್ಯಾಟಲೈಟ್: ಯಾವುದು ಒಳ್ಳೆಯದು?

ಫೈಬರ್ ಸಿಗುವ ಜಾಗವಾದರೆ ಫೈಬರ್. ಇದರಲ್ಲಿ ಬಹಳ ಯೋಚಿಸುವಂಥದ್ದೇನೂ ಇಲ್ಲ. ಆದರೆ ಫೈಬರ್ ಎಲ್ಲಿಯ ತನಕ ಬರುತ್ತದೆ ಅಂತ ಕೇಳಿ. ರಸ್ತೆ ಬದಿಯ ಪೆಟ್ಟಿಗೆಯ ತನಕ ಫೈಬರ್ ತಂದು, ಅಲ್ಲಿಂದ ಒಳಕ್ಕೆ ತಾಮ್ರದ ತಂತಿ ಎಳೆದು, ಅದನ್ನೂ ಫೈಬರ್ ಅಂತಲೇ ಮಾರುವುದುಂಟು.

ನಿಜವಾದ ಫೈಬರ್ ಕೂಡ ನಿಮಗೊಬ್ಬರಿಗೇ ಅಂತ ಬರುವುದಿಲ್ಲ. ಬಹಳ ಕಡೆ ಇರುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಡೌನ್‌ಲೋಡಿಗೆ ಸುಮಾರು 2.5 ಜಿಬಿಪಿಎಸ್ (ಅಂದರೆ 2,500 ಎಂಬಿಪಿಎಸ್), ಅಪ್‌ಲೋಡಿಗೆ 1.25 ಇರುತ್ತದೆ. ಅದನ್ನು 32 ಅಥವಾ 64 ಕನೆಕ್ಷನ್‌ಗಳಿಗೆ ಹಂಚುತ್ತಾರೆ. ಎಲ್ಲರೂ ಒಟ್ಟಿಗೆ ಎಳೆಯುವುದು ಅಪರೂಪ, ಹಾಗಾಗಿ ಸಾಮಾನ್ಯವಾಗಿ ಗೊತ್ತಾಗಲ್ಲ. ಹೊಸದಾಗಿ ಬಂದಿರುವ ಎಕ್ಸ್‌ಜಿಎಸ್-ಪಾನ್‌ನಲ್ಲಿ ಎರಡೂ ಕಡೆ 10 ಜಿಬಿಪಿಎಸ್.

ಟಿವಿ ಕೇಬಲ್ ಮೇಲೆ ಬರುವ ನೆಟ್‌ನಲ್ಲಿ ಡೌನ್‌ಲೋಡ್ ಚೆನ್ನಾಗಿರುತ್ತದೆ, ಅಪ್‌ಲೋಡ್ ಸಾಮಾನ್ಯವಾಗಿ ತೀರಾ ಕಡಿಮೆ. ಟೆಲಿಫೋನ್ ತಂತಿಯ ಮೇಲೆ ಬರುವ ಡಿಎಸ್‌ಎಲ್‌ನಲ್ಲಿ ಎಲ್ಲವೂ ದೂರದ ಮೇಲೆ ನಿಂತಿದೆ. ಎಕ್ಸ್‌ಚೇಂಜಿನಿಂದ ತಂತಿ ಉದ್ದವಾದಷ್ಟೂ ಸ್ಪೀಡ್ ಇಳಿಯುತ್ತದೆ, ಪಕ್ಕದ ಬೀದಿಯವರಿಗೆ ಸಿಕ್ಕಷ್ಟು ನಿಮಗೂ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. 4ಜಿ, 5ಜಿ ಎರಡನೇ ಲೈನಿಗೆ ತುಂಬಾ ಚೆನ್ನ. ಒಂದೇ ಲೈನ್ ಅಂತ ನೆಚ್ಚಿಕೊಳ್ಳುವುದಾದರೆ ಸಂಜೆ ಹೊತ್ತು ಟವರಿನ ಮೇಲೆ ಜನ ಜಾಸ್ತಿಯಾದಾಗ ಹೇಗಿರುತ್ತದೆ ಅಂತ ಮೊದಲು ನೋಡಿ.

ಸ್ಯಾಟಲೈಟಿನಲ್ಲಿ ಎರಡು ಬಗೆ. ಹಳೆಯ ಬಗೆಯ ಉಪಗ್ರಹ ಭೂಮಿಯಿಂದ 35,786 ಕಿ.ಮೀ. ಮೇಲೆ ಇರುತ್ತದೆ. ಮಾತು ಅಲ್ಲಿಗೆ ಹೋಗಿ, ಉತ್ತರ ವಾಪಸ್ ಬರಲು ಬೆಳಕಿನ ವೇಗದಲ್ಲೇ ಹೋದರೂ ಅರ್ಧ ಸೆಕೆಂಡಿನ ಹತ್ತಿರ ಹಿಡಿಯುತ್ತದೆ. ಮೇಲ್‌ಗೆ ಪರವಾಗಿಲ್ಲ, ಫೋನ್ ಕರೆಗೆ ಕಷ್ಟ. ಸುಮಾರು 550 ಕಿ.ಮೀ. ಎತ್ತರದಲ್ಲಿ ಸುತ್ತುವ ಹೊಸ ಬಗೆಯದರಲ್ಲಿ ಈ ತೊಂದರೆ ಇಲ್ಲ, ಮೀಟಿಂಗ್ ಕೂಡ ನಡೆಸಬಹುದು. ತಂತಿ ಬಾರದ ಜಾಗಕ್ಕೆ ಇದು ದೊಡ್ಡ ಅನುಕೂಲ.

ಮನೆಯ ಪ್ಲಾನ್ ಹಾಕಿಸಿಕೊಂಡರೆ ಆಗಲ್ವಾ? ಸ್ಪೀಡ್ ಅದೇ, ಬೆಲೆ ಕಡಿಮೆ.

ಒಬ್ಬರೇ ಕೂತು ಕೆಲಸ ಮಾಡುವವರಿಗೆ ಆಗುತ್ತದೆ. ಅದಕ್ಕಿಂತ ದೊಡ್ಡದಾದರೆ ಯೋಚಿಸಿ. ತಂತಿ ಅದೇ ಇರಬಹುದು, ಡಬ್ಬಿಯೂ ಅದೇ ಇರಬಹುದು. ಬಿಸಿನೆಸ್ ಪ್ಲಾನಿನಲ್ಲಿ ನೀವು ಜಾಸ್ತಿ ದುಡ್ಡು ಕೊಡುವುದು ಬೇಗ ಬಂದು ಸರಿಮಾಡಲಿ ಅಂತ, ಕಂಪ್ಲೇಂಟಿಗೆ ಬೇರೆ ನಂಬರ್ ಸಿಗಲಿ ಅಂತ, ಕೇಳಿದರೆ ಸ್ಟ್ಯಾಟಿಕ್ ಐಪಿ (ಇಂಟರ್‌ನೆಟ್ ಮೇಲೆ ನಿಮ್ಮ ಲೈನಿಗೆ ಇರುವ, ಬದಲಾಗದ ವಿಳಾಸ) ಕೊಡಲಿ ಅಂತ. ಇವು ಮೂರೂ ಇಲ್ಲದೆ ಬಿಲ್ಲಿನ ಮೇಲೆ ಸುಮ್ನೆ ಬಿಸಿನೆಸ್ ಅಂತ ಬರೆದಿದ್ದರೆ ಆ ಪ್ಲಾನ್ ಬೇಡ, ಮನೆಯದ್ದೇ ವಾಸಿ. ಆದರೆ ಮನೆಯ ಪ್ಲಾನಿನ ಷರತ್ತಿನಲ್ಲಿ ವ್ಯಾಪಾರಕ್ಕೆ ಬಳಸಬಾರದು ಅಂತ ಇದೆಯಾ ಅಂತ ಓದಿ ನೋಡಿ. ಇದ್ದರೆ ಬೇಕಾದ ದಿನವೇ ಅದನ್ನು ಎತ್ತಿ ತೋರಿಸುತ್ತಾರೆ.

ಲೀಸ್ಡ್ ಲೈನ್ ಬೇಕಾ?

ಬಹಳ ಮಂದಿಗೆ ಬೇಡ. ಅದರಲ್ಲಿ ಹೇಳಿದಷ್ಟೂ ಸ್ಪೀಡ್ ಎರಡೂ ಕಡೆ ನಿಮಗೊಬ್ಬರಿಗೇ, ಯಾವ ಹೊತ್ತಿನಲ್ಲೂ. ಬೆಲೆಯೂ ಹಾಗೇ ಇರುತ್ತದೆ. ನಿಮ್ಮದೇ ಸರ್ವರ್ ಒಳಗಿದ್ದು ಹೊರಗಿನವರು ಅದಕ್ಕೆ ಬರಬೇಕು, ಅಥವಾ ನೆಟ್ ಒಂದು ಗಂಟೆ ಇಲ್ಲದಿದ್ದರೆ ಆಗುವ ನಷ್ಟ ತಿಂಗಳ ಬಾಡಿಗೆಯನ್ನೇ ಮೀರುತ್ತದೆ ಅಂತಿದ್ದರೆ ತೆಗೆದುಕೊಳ್ಳಿ. ಇಲ್ಲವಾದರೆ ಅದೇ ದುಡ್ಡಿನಲ್ಲಿ ಎರಡು ಮಾಮೂಲಿ ಲೈನ್ ಹಾಕಿಸುವುದು ಜಾಣತನ.

ಎಸ್‌ಎಲ್‌ಎಯಲ್ಲಿ ಶೇ. 99.9 ಅಂತ ಬರೆದಿದ್ದಾರೆ. ಅಂದರೆ ನೆಟ್ ಹೋಗೋದೇ ಇಲ್ವಾ?

ಹೋಗುತ್ತದೆ. ಎಸ್‌ಎಲ್‌ಎ ಅಂದರೆ ಸೇವೆ ಹೇಗಿರುತ್ತದೆ ಅಂತ ಕಂಪನಿ ಒಪ್ಪಂದದಲ್ಲಿ ಕೊಡುವ ಮಾತು. ಅದರಲ್ಲಿ ಶೇ. 99.9 ಅಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಹೋದರೂ ಅವರು ಮಾತು ತಪ್ಪಿದಂತಲ್ಲ. ಶೇ. 99.5 ಅಂದರೆ ಸುಮಾರು 44 ಗಂಟೆ. ಶೇ. 99 ಅಂದರೆ ಮೂರೂವರೆ ದಿನಕ್ಕೂ ಜಾಸ್ತಿ. ಕೇಳಲು 99 ಮತ್ತು 99.9 ಅಕ್ಕಪಕ್ಕ ಇದ್ದ ಹಾಗಿದೆ, ಅಲ್ವಾ? ವ್ಯತ್ಯಾಸ ಹತ್ತು ಪಟ್ಟು.

ಈ ಅಂಕಿಗಿಂತ ಅದರ ಸುತ್ತಲಿನ ಸಣ್ಣಕ್ಷರ ಮುಖ್ಯ. ನಾಲ್ಕು ಗಂಟೆ ರೆಸ್ಪಾನ್ಸ್ ಅಂತ ಇದ್ದರೆ, ನಾಲ್ಕು ಗಂಟೆಯೊಳಗೆ ಯಾರೋ ನಿಮ್ಮ ಕಂಪ್ಲೇಂಟನ್ನು ಕೈಗೆತ್ತಿಕೊಳ್ಳುತ್ತಾರೆ ಅಂತಷ್ಟೇ ಅರ್ಥ. ಸರಿಮಾಡಿ ಕೊಡುತ್ತಾರೆ ಅಂತಲ್ಲ. ನೀವು ಕೇಳಬೇಕಾದದ್ದು ಸರಿಮಾಡಲು ಹಾಕಿಕೊಂಡಿರುವ ಗಡುವು. ಆ ಗಂಟೆಗಳು ಕೆಲಸದ ವೇಳೆಯ ಗಂಟೆಗಳಾ, ಗಡಿಯಾರದ ಗಂಟೆಗಳಾ ಅಂತಲೂ ಕೇಳಿ. ಶನಿವಾರ ಸಂಜೆ ಹೋದ ಲೈನಿಗೆ ಎಂಟು ಕೆಲಸದ ಗಂಟೆ ಅಂದರೆ ಸೋಮವಾರ ಸಾಯಂಕಾಲ. ವಾರದ ಕೊನೆಯಲ್ಲೇ ವ್ಯಾಪಾರ ನಡೆಯುವ ಅಂಗಡಿಗೆ ಅಂಥ ಎಸ್‌ಎಲ್‌ಎ ಕಟ್ಟಿಕೊಂಡು ಏನು ಮಾಡೋದು?

ಇನ್ನು ಪರಿಹಾರ. ಹೆಚ್ಚಿನ ಒಪ್ಪಂದಗಳಲ್ಲಿ ಪರಿಹಾರ ಅಂದರೆ ನೆಟ್ ಇಲ್ಲದ ದಿನಗಳ ಬಾಡಿಗೆಯನ್ನು ಮುಂದಿನ ಬಿಲ್ಲಿನಲ್ಲಿ ಕಳೆಯುವುದು, ಅದೂ ನೀವು ಕೇಳಿದರೆ. ನಿಮ್ಮ ವ್ಯಾಪಾರದ ನಷ್ಟ ಅದರಲ್ಲಿ ಬರುವುದಿಲ್ಲ. ಹಾಗಾಗಿ ಎಸ್‌ಎಲ್‌ಎಯನ್ನು ವಿಮೆ ಅಂದುಕೊಳ್ಳಬೇಡಿ.

ಎರಡನೇ ಲೈನ್ ಹಾಕಿಸೋದು ದುಂದು ಅಲ್ವಾ?

ನೆಟ್ ಇಲ್ಲದೆ ಬಿಲ್ ಹಾಕಲಾಗದ, ದುಡ್ಡು ತೆಗೆದುಕೊಳ್ಳಲಾಗದ ವ್ಯಾಪಾರಕ್ಕೆ ದುಂದಲ್ಲ. ನನ್ನ ಪ್ರಕಾರ ಒಂದು ಭಾರೀ ಲೈನಿಗಿಂತ ಒಂದು ಸಾಧಾರಣ ಫೈಬರ್ ಮತ್ತು ಒಂದು ಮೊಬೈಲ್ ಡೇಟಾ ಲೈನ್ ಇರುವುದು ಎಷ್ಟೋ ಮೇಲು.

ಒಂದೇ ಷರತ್ತು: ಎರಡೂ ಬೇರೆ ಬೇರೆ ದಾರಿಯಲ್ಲಿ ಬರಬೇಕು. ಎರಡು ಕಂಪನಿಯ ಫೈಬರ್ ಒಂದೇ ಕಂಬದ ಮೇಲೆ, ಒಂದೇ ಪೈಪಿನಲ್ಲಿ ಬಂದರೆ ರಸ್ತೆ ಅಗೆಯುವವರು ಎರಡನ್ನೂ ಒಂದೇ ಏಟಿಗೆ ಕತ್ತರಿಸುತ್ತಾರೆ. ಕೆಲವು ಸಣ್ಣ ಕಂಪನಿಗಳು ದೊಡ್ಡ ಕಂಪನಿಯ ಲೈನನ್ನೇ ಬಾಡಿಗೆಗೆ ಹಿಡಿದಿರುತ್ತವೆ. ಆಗ ಹೆಸರು ಎರಡು, ಲೈನ್ ಒಂದೇ. ಒಂದು ತಂತಿ, ಇನ್ನೊಂದು ಟವರ್ ಅಂತ ಮಾಡಿಕೊಂಡರೆ ಈ ತಲೆನೋವು ಕಡಿಮೆ.

ಎರಡು ಲೈನನ್ನೂ ಜೋಡಿಸಲು ಡ್ಯುಯಲ್ ವ್ಯಾನ್ ರೂಟರ್ ಬೇಕು. ಅದರಲ್ಲಿ ಎರಡು ವಿಧ ಕಾಣುತ್ತವೆ. ಫೇಲ್‌ಓವರ್ ಅಂದರೆ ಮೊದಲನೆಯದು ಹೋದಾಗ ಮಾತ್ರ ಎರಡನೆಯದಕ್ಕೆ ಹೋಗುವುದು. ಲೋಡ್ ಬ್ಯಾಲೆನ್ಸಿಂಗ್ ಅಂದರೆ ಎರಡನ್ನೂ ಒಟ್ಟಿಗೆ ಬಳಸುವುದು. ಎರಡನೆಯದು ಕೇಳಲು ಚಂದ, ಆದರೆ ಐಪಿ ಬದಲಾಗುತ್ತಾ ಇದ್ದರೆ ಕೆಲವು ಬ್ಯಾಂಕ್ ಸೈಟುಗಳು ಮಧ್ಯದಲ್ಲೇ ಲಾಗ್‌ಔಟ್ ಮಾಡುತ್ತವೆ. ಸಣ್ಣ ಆಫೀಸಿಗೆ ಫೇಲ್‌ಓವರ್ ಸಾಕು.

ಸೆಟ್ಟಿಂಗಿನಲ್ಲಿ ಒಂದನ್ನು ಮರೆಯಬೇಡಿ. ಲೈನ್ ಬದುಕಿದೆಯಾ ಅಂತ ರೂಟರ್ ಹೇಗೆ ತಿಳಿಯುತ್ತದೆ? ಕೇಬಲ್ಲಿನ ದೀಪ ಉರಿಯುತ್ತಿದೆಯಾ ಅಂತಷ್ಟೇ ನೋಡುವಂತಿದ್ದರೆ ಪ್ರಯೋಜನ ಇಲ್ಲ. ದೀಪ ಉರಿಯುತ್ತಿರುತ್ತದೆ, ಕಂಪನಿಯ ಕಡೆ ನೆಟ್ ಸತ್ತಿರುತ್ತದೆ, ರೂಟರ್ ಅದೇ ಲೈನನ್ನು ಹಿಡಿದುಕೊಂಡು ಕೂತಿರುತ್ತದೆ. ಹೊರಗಿನ ಯಾವುದಾದರೂ ವಿಳಾಸಕ್ಕೆ ಪಿಂಗ್ ಮಾಡಿ (ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದಾ ಅಂತ) ನೋಡುವಂತೆ ಹಾಕಿಸಿ. ಮೊಬೈಲ್ ಲೈನಿಗೆ ಹೋದಾಗ ಕ್ಯಾಮೆರಾ, ಬ್ಯಾಕಪ್ ಎರಡೂ ನಿಲ್ಲುವಂತೆ ಮಾಡಿ, ಇಲ್ಲದಿದ್ದರೆ ಡೇಟಾ ಅರ್ಧ ದಿನಕ್ಕೇ ಖಾಲಿ. ಆಗಾಗ ಮೊದಲ ಲೈನಿನ ಕೇಬಲ್ ಕಿತ್ತು ಪರೀಕ್ಷೆ ಮಾಡಿ. ರೀಚಾರ್ಜ್ ಮುಗಿದು ಸತ್ತಿರುವ ಸಿಮ್ ನಿಮ್ಮ ಬ್ಯಾಕಪ್ ಲೈನ್ ಆಗಿರುವುದು ಬೇಡ.

ಕರೆಂಟ್ ಹೋದರೆ ಫೈಬರ್ ಕೆಲಸ ಮಾಡುತ್ತಾ?

ಡಬ್ಬಿಗೆ ಕರೆಂಟ್ ಇದ್ದರೆ ಮಾಡುತ್ತದೆ. ಜಿಪಾನ್‌ನಲ್ಲಿ ದಾರಿ ಮಧ್ಯದಲ್ಲಿ ಎಳೆಯನ್ನು ಹಂಚುವ ಸ್ಪ್ಲಿಟರಿಗೆ ಕರೆಂಟೇ ಬೇಡ, ಅದು ದೊಡ್ಡ ಅನುಕೂಲ. ಟಿವಿ ಕೇಬಲ್ ಲೈನಿನಲ್ಲಿ ಬೀದಿಯ ಆಂಪ್ಲಿಫೈಯರುಗಳಿಗೂ ಕರೆಂಟ್ ಬೇಕು. ಒಎನ್‌ಟಿ (ಫೈಬರ್ ಬಂದು ಸೇರುವ ಡಬ್ಬಿ) ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಮಧ್ಯೆ ನೆಟ್‌ವರ್ಕ್ ಸ್ವಿಚ್ (ಹಲವು ಕಂಪ್ಯೂಟರುಗಳ ಕೇಬಲ್ ಸೇರುವ ಡಬ್ಬಿ) ಇದ್ದರೆ ಅದನ್ನೂ ಹಾಕಿ, ಅದನ್ನೇ ಎಲ್ಲರೂ ಮರೆಯುವುದು. ಚಿಕ್ಕ ಯುಪಿಎಸ್ ಕೊಳ್ಳುವಾಗ ಅಡಾಪ್ಟರ್ ಮೇಲಿನ ವೋಲ್ಟೇಜ್ ಹೊಂದುತ್ತದೆಯಾ ನೋಡಿಕೊಳ್ಳಿ.

ಸ್ಟ್ಯಾಟಿಕ್ ಐಪಿ ಯಾಕೆ ಬೇಕು?

ಹೊರಗಿನಿಂದ ಒಳಗೆ ಬರಬೇಕಾದರೆ ಬೇಕು: ಆಫೀಸಿನ ಸರ್ವರ್, ವಿಪಿಎನ್ (ಹೊರಗಿನಿಂದ ಆಫೀಸಿನ ನೆಟ್‌ವರ್ಕಿಗೆ ಬರುವ ಸುರಕ್ಷಿತ ದಾರಿ), ಕ್ಲೌಡ್ ಇಲ್ಲದ ಸಿಸಿಟಿವಿ ಡಿವಿಆರ್. ಇಂಟರ್‌ನೆಟ್‌ನ ಹಳೆಯ ಮಾದರಿಯ (ಐಪಿವಿ4) ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲೇ ಮುಗಿಯಿತು. ಆಮೇಲೆ ಎಷ್ಟೋ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತಿವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ (ಕಂಪನಿ ನಿಮ್ಮ ರೂಟರಿಗೆ ಕೊಟ್ಟ ವಿಳಾಸ) 100.64ರಿಂದ 100.127ರ ನಡುವೆ ಶುರುವಾಗಿದ್ದರೆ ನೀವೂ ಆ ಗುಂಪಿನಲ್ಲಿದ್ದೀರಿ, ಹೊರಗಿನವರನ್ನು ಒಳಗಿನ ಯಂತ್ರಕ್ಕೆ ಬಿಡುವ ಪೋರ್ಟ್ ಫಾರ್ವರ್ಡ್ ಮಾಡಲು ಎಷ್ಟು ಹೆಣಗಿದರೂ ಆಗಲ್ಲ. ಮೇಲ್, ಬಿಲ್ಲಿಂಗ್, ಮೀಟಿಂಗ್ ಇಷ್ಟೇ ಕೆಲಸ ಅಂತಾದರೆ ಇದರ ಗೊಡವೆಯೇ ಬೇಡ.

ಅನ್‌ಲಿಮಿಟೆಡ್ ಅಂದರೆ ನಿಜವಾಗಲೂ ಅನ್‌ಲಿಮಿಟೆಡ್ಡಾ?

ಎಫ್‌ಯುಪಿ, ಅಂದರೆ ಪೂರ್ತಿ ಸ್ಪೀಡಿನಲ್ಲಿ ಬಳಸಬಹುದಾದ ಡೇಟಾದ ಮಿತಿ, ಎಷ್ಟು ಅಂತ ಕೇಳಿ. ಆ ಮಿತಿ ದಾಟಿದ ಮೇಲೆ ಸ್ಪೀಡ್ ಎಷ್ಟಕ್ಕೆ ಇಳಿಯುತ್ತದೆ, ಅಪ್‌ಲೋಡ್ ಕೂಡ ಆ ಲೆಕ್ಕಕ್ಕೆ ಸೇರುತ್ತದಾ ಅಂತ ಕೇಳಿ. ಕ್ಯಾಮೆರಾ ಇದ್ದರೆ ಈ ಕೊನೆಯ ಪ್ರಶ್ನೆ ಬಿಡಲೇಬೇಡಿ. 3 ಎಂಬಿಪಿಎಸ್‌ನ ಒಂದೇ ಕ್ಯಾಮೆರಾ ತಿಂಗಳಿಗೆ ಸುಮಾರು 970 ಜಿಬಿ ಕಳಿಸುತ್ತದೆ.

ಸ್ಪೀಡ್ ಟೆಸ್ಟ್ ಮಾಡಿದರೆ ಒಂದೊಂದು ಸಲ ಒಂದೊಂದು ಬರುತ್ತೆ. ಯಾವುದನ್ನು ನಂಬೋದು?

ವೈಫೈ ಮೇಲೆ ಮಾಡಿದ್ದನ್ನು ನಂಬಬೇಡಿ. ಲ್ಯಾಪ್‌ಟಾಪಿಗೆ ಕೇಬಲ್ ಚುಚ್ಚಿ, ಬೇರೆಲ್ಲಾ ನಿಲ್ಲಿಸಿ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಮಾಡಿ. ಪ್ಲಾನ್ 100 ಎಂಬಿಪಿಎಸ್‌ಗಿಂತ ದೊಡ್ಡದಿದ್ದೂ ಟೆಸ್ಟ್ ಯಾವಾಗ ಮಾಡಿದರೂ 93–95ಕ್ಕೇ ನಿಂತುಬಿಡುತ್ತದಾ? ಹಾಗಿದ್ದರೆ ತಪ್ಪು ಬಹುತೇಕ ನಿಮ್ಮ ಒಳಗಿನ ವೈರಿಂಗಿನದ್ದು. ನಿಮ್ಮ ರೂಟರ್, ಸ್ವಿಚ್ ಇಲ್ಲವೇ ಲ್ಯಾಪ್‌ಟಾಪ್ ಪೈಕಿ ಯಾವುದೋ ಒಂದು ಪೋರ್ಟ್ 100ರದ್ದು, ಅಥವಾ ಕೇಬಲ್ಲಿನ ಎಂಟು ಎಳೆಗಳಲ್ಲಿ ನಾಲ್ಕನ್ನೇ ಜೋಡಿಸಿದ್ದಾರೆ. ಗಿಗಾಬಿಟ್‌ಗೆ ಎಂಟೂ ಬೇಕು. ಕ್ಯಾಟ್5ಇ ಕೇಬಲ್ ಆದರೆ 100 ಮೀಟರ್ ತನಕ ಗಿಗಾಬಿಟ್ ಹೋಗುತ್ತದೆ.

ಕೇಬಲ್ ಮೇಲೆ ಸರಿಬಂದು ವೈಫೈ ಮೇಲೆ ಬರದಿದ್ದರೆ ದೊಡ್ಡ ಪ್ಲಾನ್ ತೆಗೆದುಕೊಂಡರೂ ಏನೂ ಬದಲಾಗಲ್ಲ. ರೂಟರನ್ನು ಕಬ್ಬಿಣದ ಬೀರು ಹಿಂದಿನಿಂದ ಹೊರಗೆ ತನ್ನಿ. ಹತ್ತಿರ ಕೂತವರಿಗೆ 5 ಗಿಗಾಹರ್ಟ್ಸ್ ವೈಫೈ ಕೊಡಿ. 2.4ರಲ್ಲಿ ಚಾನಲ್ 1, 6, 11 ಈ ಮೂರರಲ್ಲಿ ಒಂದನ್ನು ಮಾತ್ರ ಇಡಿ, ಮಿಕ್ಕವು ಒಂದರ ಮೇಲೊಂದು ಬೀಳುತ್ತವೆ. ಬಿಲ್ಲಿಂಗ್ ಕಂಪ್ಯೂಟರ್ ಜಾಗ ಬದಲಿಸುವುದಿಲ್ಲವಲ್ಲ, ಅದಕ್ಕೆ ವೈಫೈ ಯಾಕೆ? ಕೇಬಲ್ ಎಳೆಸಿ.

ಗ್ರಾಹಕರಿಗೆ ವೈಫೈ ಕೊಡಬಹುದಾ?

ಕೊಡಿ, ಆದರೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ, ಅದರ ಸ್ಪೀಡಿಗೆ ಮಿತಿ ಇಡಿ. ಬಿಲ್ಲಿಂಗ್ ಕಂಪ್ಯೂಟರ್, ಪ್ರಿಂಟರ್ ಇರುವ ನೆಟ್‌ವರ್ಕಿನ ಪಾಸ್‌ವರ್ಡ್ ಗೋಡೆ ಮೇಲೆ ಅಂಟಿಸಬೇಡಿ.

ಲೈನ್ ಹಾಕಲು ಬಂದ ದಿನ ಏನು ನೋಡಬೇಕು?

ಅವರು ಹೋಗುವ ಮೊದಲು ಒಎನ್‌ಟಿಯ ದೀಪ ನೋಡಿ. ಪಾನ್ ಅನ್ನುವ ದೀಪ ನಿಂತು ಉರಿಯಬೇಕು, ಎಲ್‌ಒಎಸ್ ಅನ್ನುವ ಕೆಂಪು ದೀಪ ಆರಿರಬೇಕು. ಕೆಂಪು ಉರಿದರೆ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ಅವರ ಹತ್ತಿರ ಇರುವ ಪವರ್ ಮೀಟರಿನ ಅಂಕಿ ಕೇಳಿ ಬರೆದಿಟ್ಟುಕೊಳ್ಳಿ. ಮಾಮೂಲಿ ಜಿಪಾನ್‌ನಲ್ಲಿ ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ) ಅನ್ನುವುದು ಕೊನೆಯ ಅಂಚು. ಮೈನಸ್ 20 ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 26 ಬಂದರೆ ಇವತ್ತು ಓಡುತ್ತದೆ, ಎಲ್ಲೋ ಒಂದು ಜಾಯಿಂಟ್ ಸ್ವಲ್ಪ ಕೆಟ್ಟರೂ ನಿಲ್ಲುತ್ತದೆ. ಆಗಲೇ ಸರಿಮಾಡಿಸಿ. ಬಾಗಿಲ ಸಂದಿಯಲ್ಲಿ, ಮೇಜಿನ ಮೂಲೆಯಲ್ಲಿ ಆ ತೆಳು ಹಳದಿ ಎಳೆಯನ್ನು ಚೂಪಾಗಿ ಮಡಚಿದ್ದಾರಾ ನೋಡಿ. ಮಡಚಿದ ಕಡೆ ಬೆಳಕು ಸೋರುತ್ತದೆ.

ರೂಟರಿನ ಅಡ್ಮಿನ್ ಪಾಸ್‌ವರ್ಡ್, ಪಿಪಿಪಿಒಇ (ರೂಟರ್ ಕಂಪನಿಯ ನೆಟ್‌ಗೆ ಲಾಗಿನ್ ಆಗುವ) ಯೂಸರ್‌ನೇಮ್ ಮತ್ತು ಪಾಸ್‌ವರ್ಡ್, ಕಸ್ಟಮರ್ ಐಡಿ, ಕಂಪ್ಲೇಂಟ್ ನಂಬರ್: ಇವನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಫೋನಿನಲ್ಲಿ ಮಾತ್ರ ಇಟ್ಟರೆ ಅದು ನಿಮ್ಮ ಜೊತೆ ಊಟಕ್ಕೆ ಹೋಗಿರುತ್ತದೆ, ನೆಟ್ ಹೋದ ಅಂಗಡಿಯಲ್ಲಿ ಹುಡುಗ ಒಬ್ಬನೇ ಇರುತ್ತಾನೆ.

ಸಹಿ ಹಾಕುವ ಮೊದಲು ಯಾರನ್ನು ಕೇಳಿದರೆ ಒಳ್ಳೆಯದು?

ಅದೇ ಕಟ್ಟಡದಲ್ಲಿ ಅದೇ ಲೈನ್ ಇರುವವರನ್ನು. ಸ್ಪೀಡ್ ಹೇಗಿದೆ ಅಂತ ಕೇಳಬೇಡಿ, ಎಲ್ಲರೂ ಪರವಾಗಿಲ್ಲ ಅನ್ನುತ್ತಾರೆ. ಕೊನೆಯ ಸಲ ಹೋದಾಗ ಎಷ್ಟು ಹೊತ್ತಿಗೆ ಬಂದರು ಅಂತ ಕೇಳಿ. ಕಂಪನಿಯವರನ್ನು ಕೇಳಬೇಕಾದದ್ದು ಬೇರೆ: ಕನಿಷ್ಠ ಎಷ್ಟು ತಿಂಗಳು, ಆಫರ್ ಮುಗಿದ ಮೇಲೆ ಬೆಲೆ ಎಷ್ಟು, ಮಧ್ಯದಲ್ಲಿ ಬಿಟ್ಟರೆ ಎಷ್ಟು ಕಟ್ಟಬೇಕು, ರೂಟರ್ ಯಾರದ್ದು, ಅಂಗಡಿ ಬೇರೆ ಕಡೆ ಹೋದರೆ ಲೈನ್ ಜೊತೆಗೆ ಬರುತ್ತದಾ. ಬಾಯಿಮಾತಲ್ಲಿ ಹೇಳಿದ್ದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ.

ಹಳೆಯ ಕನೆಕ್ಷನ್ ಯಾವಾಗ ತೆಗೆಸಬೇಕು?

ಹೊಸದು ಬಂದ ದಿನವಂತೂ ಬೇಡ. ಹೊಸ ಲೈನ್ ಒಂದು ತಿಂಗಳ ಕೊನೆಯ ಬಿಲ್ಲಿಂಗ್ ಗಲಾಟೆಯನ್ನು ದಾಟಲಿ, ಒಂದು ಮಳೆ ಬಂದರೆ ಇನ್ನೂ ಒಳ್ಳೆಯದು. ಲ್ಯಾಂಡ್‌ಲೈನ್ ನಂಬರ್ ಆ ಕನೆಕ್ಷನ್ ಜೊತೆ ಇದ್ದರೆ ನಂಬರನ್ನು ಹೊಸ ಕಡೆಗೆ ಸಾಗಿಸಲು ಆಗುತ್ತದಾ ಅಂತ ಮೊದಲು ಕೇಳಿ, ಆಗುವುದಾದರೆ ಸಾಗಿಸಿದ ಮೇಲೆ ರದ್ದು ಮಾಡಿಸಿ. ಮೊದಲೇ ರದ್ದಾದರೆ ನಂಬರೂ ಹೋಗಬಹುದು. ಹಳೆಯ ಕಂಪನಿ ಕೊಟ್ಟ ಇಮೇಲ್ ವಿಳಾಸ ಬಳಸುತ್ತಿದ್ದರೆ ಬ್ಯಾಂಕು, ತೆರಿಗೆ, ಸಪ್ಲೈಯರ್ ಎಲ್ಲಾ ಕಡೆ ಬದಲಿಸುವ ತನಕ ಕಾಯಿರಿ. ಅವರ ಡಬ್ಬಿ ವಾಪಸ್ ಕೊಟ್ಟಾಗ ರಸೀದಿ ತೆಗೆದುಕೊಳ್ಳಿ, ಡೆಪಾಸಿಟ್ ವಾಪಸ್ ಕೇಳುವಾಗ ಮೊದಲು ಅದನ್ನೇ ಕೇಳುವುದು.